ಟೆಕ್ಸಸ್‌ನಿಂದ ಕ್ಯಾಲಿಫೋರ್ನಿಯಾಗೆ ಹೊರಡೋಕೆ ಮುಂಚೆ ಟ್ರೈಲರ್‌ಗೆ ಬ್ರೇಕ್ ಹಾಕಿದ್ದು - ನನ್ನ ಅನುಭವ

ಆಸ್ಟಿನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಪುಟ್ಟ ಕ್ಯಾಂಪರ್ (ಕಾರಿನ ಹಿಂದೆ ಕಟ್ಟಿ ಎಳೆಯೋ, ಒಳಗೆ ಮಲಗೋಕೆ ಆಗೋ ಟ್ರೈಲರ್) ತಗೊಂಡು ಎರಡು ವರ್ಷ ಸುತ್ತಾಡಿದ್ವಿ, ಒಂದು ತೊಂದ್ರೆ ಇರ್ಲಿಲ್ಲ. ಸ್ಯಾನ್ ಹೋಸೆಗೆ ಕೆಲಸ ಬದಲಾದಾಗ ಅದರಲ್ಲೇ ಸಾಮಾನು ತುಂಬ್ಕೊಂಡು ಕಾರಿನ ಹಿಂದೆ ಕಟ್ಕೊಂಡು ಹೋಗೋಣ ಅಂದ್ಕೊಂಡ್ವಿ. ಪ್ಲೇಟು, ಇನ್ಶೂರೆನ್ಸ್ ಇದ್ರೆ ಸಾಕು ಅಂತ ನಂಬಿದ್ದೆ, ತಪ್ಪು. ರಿಜಿಸ್ಟ್ರೇಶನ್ ನಮ್ಮ ಸ್ಟೇಟಿಂದು ನಡೆಯುತ್ತೆ, ಆದ್ರೆ ಬ್ರೇಕು ಸ್ಪೀಡು ಎಲ್ಲಾ ಯಾವ ಸ್ಟೇಟಿನ ರೋಡಲ್ಲಿ ಇದ್ದೀವೋ ಅವರ ರೂಲ್ಸು.

ಮೊದಲು ತೂಕ ನೋಡ್ಸಿದೆ, ಹೈವೇ ಪಕ್ಕ ಲಾರಿಗಳು ನಿಲ್ಲೋ ಕಡೆ ಸ್ಕೇಲ್ ಇರುತ್ತೆ, ಸಾಮಾನು ಸೇರಿ 1,900 ಪೌಂಡ್ ಬಂತು. ಟೆಕ್ಸಸ್‌ನಲ್ಲಿ ಟ್ರೈಲರ್‌ಗೆ ಬ್ರೇಕ್ ಕಡ್ಡಾಯ ಆಗೋದು 4,500 ಪೌಂಡ್ ದಾಟಿದ್ರೆ, ದಾರೀಲಿ ಸಿಗೋ ನ್ಯೂ ಮೆಕ್ಸಿಕೊ, ಅರಿಜೋನಾದಲ್ಲಿ 3,000. ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಟ್ರೈಲರ್‌ಗೆ 3,000 ಇದ್ರೂ ನಮ್ಮದರಂಥ ಕ್ಯಾಂಪ್ ಟ್ರೈಲರ್‌ಗೆ ಮಾತ್ರ 1,500! ಅಂದ್ರೆ ಮೂರು ಸ್ಟೇಟಲ್ಲಿ ಸರಿಯಾಗಿದ್ದ ನಮ್ಮ ಗಾಡಿ ನಾಲ್ಕನೇದ್ರಲ್ಲಿ ಕಾಲಿಟ್ಟ ತಕ್ಷಣ ಕಾನೂನುಬಾಹಿರ.

ಪುಣ್ಯಕ್ಕೆ ಆಕ್ಸಲ್‌ನಲ್ಲಿ ಬ್ರೇಕ್ ಕೂರಿಸೋಕೆ ಬೇಕಾದ ನಾಲ್ಕು ಬೋಲ್ಟ್ ತೂತಿನ ಫ್ಲೇಂಜ್ (ಚಪ್ಪಟೆ ತಟ್ಟೆ) ಮೊದಲೇ ಇತ್ತು. ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ಕಿಟ್ ತರಿಸಿ ಎರಡು ಶನಿವಾರ ಕೂತು ಹಳೇ ಹಬ್ (ಚಕ್ರ ಕೂರೋ ಭಾಗ) ಬಿಚ್ಚಿ ಬ್ಯಾಕಿಂಗ್ ಪ್ಲೇಟ್ (ಬ್ರೇಕ್ ಭಾಗಗಳನ್ನ ಹಿಡಿದಿಡೋ ತಟ್ಟೆ), ಹೊಸ ಡ್ರಮ್, ಬೇರಿಂಗ್‌ಗೆ ಗ್ರೀಸ್ ಎಲ್ಲಾ ನಾನೇ ಮಾಡಿದೆ. ಕಾರಲ್ಲಿದ್ದ 4 ಪಿನ್ ಕನೆಕ್ಟರ್ ಬರೀ ಲೈಟಿಗೆ ಆಗುತ್ತೆ, ಬ್ರೇಕ್‌ಗೆ ಕರೆಂಟ್ ಹೋಗ್ಬೇಕಾದ್ರೆ 7 ಪಿನ್ ಬೇಕು, ಡ್ರೈವರ್ ಹತ್ರ ಟ್ರೈಲರ್ ಬ್ರೇಕ್‌ಗೆ ಎಷ್ಟು ಕರೆಂಟ್ ಹೋಗ್ಬೇಕು ಅಂತ ನೋಡ್ಕೊಳ್ಳೋ ಬ್ರೇಕ್ ಕಂಟ್ರೋಲರ್ ಬೇಕು, ಆ ವೈರಿಂಗ್ ಮಾತ್ರ ಗ್ಯಾರೇಜಲ್ಲಿ ಮಾಡಿಸ್ದೆ. ಜೊತೆಗೆ ಬ್ರೇಕ್‌ಅವೇ ಸ್ವಿಚ್, ಟ್ರೈಲರ್ ಕಳಚಿಕೊಂಡ್ರೆ ಕೇಬಲ್ ಪಿನ್ ಎಳೆದು ಅದರದ್ದೇ ಬ್ಯಾಟರಿಯಿಂದ ಬ್ರೇಕ್ ಹಿಡಿಯುತ್ತೆ. ಈ ಕೇಬಲ್‌ನ ಕಾರಿಗೂ ಟ್ರೈಲರ್‌ಗೂ ಕಟ್ಟೋ ಸೇಫ್ಟಿ ಚೈನಿಗೆ ಸಿಕ್ಕಿಸ್ಬೇಡಿ, ಕಾರಿಗೆ ಬೇರೆಯಾಗಿ ಕಟ್ಟಿ. ಚೈನು ಎರಡನ್ನೂ ಕೆಳಗಡೆ ಕತ್ತರಿ ಥರ ಅಡ್ಡಡ್ಡ ಹಾಕಿ.

ಸ್ಪೀಡೂ ಅಷ್ಟೇ. ಪಶ್ಚಿಮ ಟೆಕ್ಸಸ್‌ನ ಐ-10 ಹೈವೇಲಿ ಬೋರ್ಡ್ ಗಂಟೆಗೆ 80 ಮೈಲಿ ಅಂತಿದ್ರೂ ನಮ್ಮ ಟ್ರೈಲರ್ ಟೈರಿನ ಮಿತಿ 65, ಅದನ್ನ ದಾಟ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯೋ ಗಾಡಿಗೆ 55 ಮೈಲಿ ಅಷ್ಟೇ, ಗಡಿಯಲ್ಲಿರೋ ಬ್ಲೈತ್ ಊರು ದಾಟಿದ ಮೇಲೆ ಬಲಗಡೆ ಲೇನ್ ಬಿಡ್ಲೇ ಇಲ್ಲ. ಕಾರಿನ ಕಿಟಕಿ ಟಿಂಟ್ (ಕಪ್ಪು ಫಿಲ್ಮ್) ಕೂಡ ಆಮೇಲೆ ಕೀಳ್ಬೇಕಾಯ್ತು, ಮುಂದಿನ ಬಾಗಿಲ ಗಾಜು ಟೆಕ್ಸಸ್‌ನಲ್ಲಿ 25% ಬೆಳಕು ಬಿಟ್ರೆ ಸಾಕು, ಕ್ಯಾಲಿಫೋರ್ನಿಯಾದಲ್ಲಿ 70% ಬಿಡ್ಬೇಕು.

ಲಾಸ್ ಏಂಜಲೀಸ್ ದಾಟಿ ಗ್ರೇಪ್‌ವೈನ್ ಇಳಿಜಾರು, ಮೈಲಿಗಟ್ಲೆ ಇಳಿತಾನೇ ಇರ್ಬೇಕು, ಹಿಂದಿನ ಸೀಟಲ್ಲಿ ಮಕ್ಕಳು ನಿದ್ದೆ ಮಾಡ್ತಿದ್ರು. ಲೋ ಗೇರ್ ಹಾಕಿ ಬ್ರೇಕ್ ಮುಟ್ಟಿದಾಗ ಟ್ರೈಲರ್ ನಮ್ಮನ್ನ ತಳ್ಳಲಿಲ್ಲ, ಹಿಂದಕ್ಕೆ ಹಿಡ್ಕೊಳ್ತು, ಅದು ಸೀಟಲ್ಲೇ ಗೊತ್ತಾಯ್ತು.