ಬೆಳ್ಳಿಯ 37 ಹಲ್ಲುಗಳು

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ದಾನಕ್ಕೆ ಬಂದ ನಾಯಿಯ ಹಲ್ಲನ್ನು ನಾನು ಏಳು ವರ್ಷ ಎಣಿಸಲೇ ಇಲ್ಲ. ಎದುರು ಮನೆಯವರು ವರ್ಗವಾಗಿ ಮೈಸೂರು ಬಿಡುವಾಗ ಎರಡು ತಿಂಗಳ ಪೊಮೆರೇನಿಯನ್ ಮರಿಯೊಂದನ್ನು ನಮ್ಮ ಜಗಲಿಯಲ್ಲಿ ಬಿಟ್ಟು ಹೋದರು. ಬೆಳ್ಳಗಿದ್ದಳು, ಬೆಳ್ಳಿ ಎಂದು ಕರೆದೆವು. ಲಸಿಕೆ, ಸ್ನಾನ, ಜಂತುಹುಳುವಿನ ಮಾತ್ರೆ ಯಾವುದೂ ತಪ್ಪಲಿಲ್ಲ. ಬಾಯಿ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ಅವಳು ಹತ್ತಿರ ಬಂದು ಆಕಳಿಸಿದರೆ ನಾವು ಮುಖ ತಿರುಗಿಸುತ್ತಿದ್ದೆವು. ನಾಯಿಯ ಬಾಯಿ ಎಂದ ಮೇಲೆ ನಾರದೆ ಇನ್ನೇನು ಎಂಬುದು ಮನೆಯವರೆಲ್ಲರ ತೀರ್ಮಾನ.

ಒಂದು ಬೆಳಿಗ್ಗೆ ಅವಳ ಬಲಗಣ್ಣಿನ ಕೆಳಗೆ ಅಡಿಕೆ ಗಾತ್ರದ ಊತ ಕಂಡಿತು. ಕಣಜ ಕಚ್ಚಿರಬೇಕೆಂದು ಅತ್ತೆ ಅರಿಸಿನ ಹಚ್ಚಿದರು. ಎರಡೇ ದಿನಕ್ಕೆ ಊತ ಒಡೆದು ಕೀವು ಸೋರಿತು. ಪಶುವೈದ್ಯರು ಕಣ್ಣನ್ನು ನೋಡಲೇ ಇಲ್ಲ. ಹೆಬ್ಬೆರಳಿನಿಂದ ಮೇಲ್ದುಟಿಯನ್ನು ಎತ್ತಿ, "ಇಲ್ಲಿ ನೋಡಿ ಅಮ್ಮ, ಇದು ಕಣ್ಣಿನದಲ್ಲ, ಹಲ್ಲಿನದು" ಎಂದರು. ಗಡಸು ನೀರು ಕಾಯಿಸಿದ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅಂಥದೇ ಕಂದು ಬಣ್ಣದ ಪದರ ಮೇಲ್ದವಡೆಯ ದೊಡ್ಡ ಹಲ್ಲನ್ನು ಮುಚ್ಚಿತ್ತು. ಅದರ ಅಂಚಿನಲ್ಲಿ ವಸಡು ಕೆಂಪಾಗಿ ಉಬ್ಬಿ, ಮುಟ್ಟಿದರೆ ರಕ್ತ ಬರುತ್ತಿತ್ತು. ಆ ಹಲ್ಲಿನ ಬೇರು ಕಣ್ಣಿನ ಕೆಳಗಿನವರೆಗೂ ಹೋಗುತ್ತದೆಯಂತೆ. ಬೇರಿನ ತುದಿಯಲ್ಲಿ ಕಟ್ಟಿದ ಕೀವು ಕೆನ್ನೆಯಲ್ಲಿ ದಾರಿ ಮಾಡಿಕೊಂಡಿತ್ತು.

ಹಂಡೆಯ ಹೋಲಿಕೆ ಬರೀ ಮಾತಿನ ಚಂದಕ್ಕಲ್ಲ. ಹಲ್ಲಿನ ಮೇಲೆ ಮೊದಲು ಕೂರುವುದು ಮೆತ್ತನೆಯ ಪಾಚಿ. ಬೆರಳಿನಲ್ಲಿ ಉಜ್ಜಿದರೂ ಹೋಗುತ್ತದೆ. ಕೆಲವು ದಿನ ಬಿಟ್ಟರೆ ಜೊಲ್ಲಿನಲ್ಲಿರುವ ಲವಣಗಳು ಸೇರಿ ಅದೇ ಕಲ್ಲಾಗುತ್ತದೆ. ಆಮೇಲೆ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ. ಜೊಲ್ಲಿನ ನಾಳ ತೆರೆದುಕೊಳ್ಳುವುದು ಮೇಲಿನ ದವಡೆ ಹಲ್ಲುಗಳ ಪಕ್ಕದಲ್ಲೇ ಆದ್ದರಿಂದ ಕಲ್ಲು ಹೆಚ್ಚಾಗಿ ಕಟ್ಟುವುದೂ ಅಲ್ಲಿಯೇ. ನಮಗಿಂತ ನಾಯಿಗಳಿಗೆ ಹುಳುಕು ಹಲ್ಲಿನ ಕಾಟ ಕಡಿಮೆ, ವಸಡಿನ ರೋಗವೇ ಹೆಚ್ಚು. ಅದರಲ್ಲೂ ಪೊಮೆರೇನಿಯನ್‌ನಂಥ ಸಣ್ಣ ತಳಿಗಳ ಪುಟ್ಟ ಬಾಯಿಯಲ್ಲಿ 42 ಹಲ್ಲುಗಳೂ ಇಕ್ಕಟ್ಟಿನಲ್ಲೇ ಇರಬೇಕು.

ರಕ್ತಪರೀಕ್ಷೆ ಮಾಡಿಸಿ, ಪೂರ್ತಿ ಅರಿವಳಿಕೆ ಕೊಟ್ಟು, ಉಸಿರುನಾಳಕ್ಕೆ ಕೊಳವೆ ಹಾಕಿ ಚಿಕಿತ್ಸೆ ಮಾಡಿದರು. ಐದು ಹಲ್ಲು ಹೋದವು. ಆ ದೊಡ್ಡದಕ್ಕೆ ಮೂರು ಬೇರು. ಮೂರು ತುಂಡು ಮಾಡಿ ಒಂದೊಂದಾಗಿ ತೆಗೆಯಬೇಕಾಯಿತು. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಇನ್ನೊಂದು ಹಲ್ಲಿನ ಸುತ್ತ ಮೂಳೆಯೇ ಕರಗಿದ್ದು ಎಕ್ಸ್‌ರೇಯಲ್ಲಿ ಗೊತ್ತಾಯಿತು.

ಅಲ್ಲಿ ನನಗೆ ಹಳೆಯದೊಂದು ನೆನಪಾಗಿ ಹೊಟ್ಟೆ ಉರಿಯಿತು. ಎರಡು ವರ್ಷದ ಹಿಂದೆ ಸ್ನಾನ ಮಾಡಿಸಲು ಬರುತ್ತಿದ್ದ ಒಬ್ಬರು, ಅರಿವಳಿಕೆ ಏನೂ ಬೇಡ ಎಂದು ಸ್ಟೀಲಿನ ಕೊಕ್ಕೆಯಿಂದ ಅವಳ ಹಲ್ಲುಗಳನ್ನು ಕೆರೆದು ಬೆಳ್ಳಗೆ ಮಾಡಿದ್ದರು. ನಾನು ಖುಷಿಯಿಂದ ಐನೂರು ರೂಪಾಯಿ ಕೊಟ್ಟಿದ್ದೆ. ರೋಗವಿರುವುದು ವಸಡಿನ ಅಡಿಯಲ್ಲಿ. ಎಚ್ಚರವಿರುವ ನಾಯಿ ಅಲ್ಲಿಗೆ ಕೈ ಹಾಕಲು ಬಿಡುತ್ತದೆಯೇ? ಕೆರೆದ ಮೇಲೆ ಪಾಲಿಶ್ ಮಾಡದಿದ್ದರೆ ಹಲ್ಲು ತರಿತರಿಯಾಗಿ, ಪಾಚಿ ಇನ್ನೂ ಬೇಗ ಕೂರುತ್ತದೆ. ಬಣ್ಣ ನೋಡಿ ನಾನು ಮೋಸ ಹೋಗಿದ್ದೆ.

ಗಾಯ ಪೂರ್ತಿ ಮಾಗಿದೆ ಎಂದು ವೈದ್ಯರು ಹೇಳಿದ ಮೇಲೆ ನನ್ನ ಅಭ್ಯಾಸ ಶುರುವಾಯಿತು. ಅವಳದಲ್ಲ, ನನ್ನದೇ. ಮೊದಲ ದಿನ ಅವಳ ಎದುರಿಗೆ ಕುಳಿತು, ಬಾಯಿ ಅಗಲಿಸಿ, ಬ್ರಷ್ ತೂರಿಸಲು ಹೋದೆ. ಗುರ್ ಎಂದು ಸೋಫಾದ ಕೆಳಗೆ ಸೇರಿದಳು. ಎರಡು ದಿನ ನನ್ನ ಕೈಯಿಂದ ರೊಟ್ಟಿ ಕೂಡ ತೆಗೆದುಕೊಳ್ಳಲಿಲ್ಲ.

ಬಾಯಿ ತೆರೆಸುವ ಅಗತ್ಯವೇ ಇಲ್ಲ ಎಂಬುದು ಆಮೇಲೆ ತಿಳಿಯಿತು. ಈಗ ನಾನು ಅವಳ ಪಕ್ಕದಲ್ಲಿ, ಅವಳು ನೋಡುವ ದಿಕ್ಕಿಗೇ ಮುಖ ಮಾಡಿ ಕೂರುತ್ತೇನೆ. ಎಡಗೈ ಮೂತಿಯ ಮೇಲೆ ಹಗುರವಾಗಿ. ಬಾಯಿ ಮುಚ್ಚಿಯೇ ಇರುತ್ತದೆ. ತುಟಿಯ ಮೂಲೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸಿದರೆ ದವಡೆ ಹಲ್ಲುಗಳು ಸಾಲಾಗಿ ಕಾಣುತ್ತವೆ. ಮೊದಲ ವಾರ ಇಷ್ಟೇ: ತುಟಿ ಎತ್ತುವುದು, ಬಿಡುವುದು, ಬೆರಳಿಗೆ ಮೆತ್ತಿದ ಮೊಸರು ನೆಕ್ಕಿಸುವುದು. ಎರಡನೆಯ ವಾರ ಹಳೆಯ ಪಂಚೆಯ ತುಂಡನ್ನು ತೋರುಬೆರಳಿಗೆ ಸುತ್ತಿ, ಒದ್ದೆ ಮಾಡಿ ಒರೆಸಿದೆ. ಬಟ್ಟೆಯ ಮೇಲೆ ತಿಳಿಹಳದಿ ಲೋಳೆ, ಅಲ್ಲಲ್ಲಿ ರಕ್ತದ ಗೆರೆ. ಹೆದರಿ ಫೋನ್ ಮಾಡಿದರೆ, ಊದಿದ ವಸಡು ಹಾಗೆಯೇ, ನಿಲ್ಲಿಸಬೇಡಿ ಎಂದರು. ಹತ್ತು ಹನ್ನೆರಡು ದಿನಕ್ಕೆ ರಕ್ತ ನಿಂತಿತು. ಮೂರನೆಯ ವಾರ ಬ್ರಷ್. ಬೆರಳಿಗೆ ತೊಡಿಸುವ ಸಿಲಿಕೋನ್ ಬ್ರಷ್ ಅವಳ ಬಾಯಿಗೆ ಒನಕೆಯಂತಾಯಿತು. ಹಸುಗೂಸುಗಳ ಮೆತ್ತನೆಯ ಬ್ರಷ್ಷೇ ಸರಿಹೋಯಿತು. ಅದನ್ನು ಹಲ್ಲು ಮತ್ತು ವಸಡು ಸೇರುವ ಗೆರೆಗೆ ಓರೆಯಾಗಿ ಹಿಡಿದು ಸಣ್ಣಗೆ ಸುತ್ತಿಸುತ್ತೇನೆ. ಹೊರಮೈ ಆದರೆ ಸಾಕು. ಒಳಮೈಯನ್ನು ನಾಲಿಗೆ ಸುಮಾರಾಗಿ ನೋಡಿಕೊಳ್ಳುತ್ತದೆ. ಒಂದು ಕಡೆಗೆ ಅರ್ಧ ನಿಮಿಷ, ರಾತ್ರಿ ಊಟವಾದ ಮೇಲೆ, ದಿನಾ. ವಾರಕ್ಕೊಮ್ಮೆ ಉಜ್ಜಿದರೆ ಅಷ್ಟರಲ್ಲಿ ಪಾಚಿ ಕಲ್ಲಾಗಿರುತ್ತದೆ.

"ನಿನ್ನ ಗಂಡನಿಗೆ ಹಲ್ಲುಜ್ಜಿಸಲು ನಾನೂ ಹೀಗೇ ಮೊಸರು ತೋರಿಸಬೇಕಿತ್ತು" ಎಂದು ಅತ್ತೆ ಈಗಲೂ ನಗುತ್ತಾರೆ.

ಪೇಸ್ಟ್ ನಾಯಿಯದೇ ಆಗಬೇಕು. ನಮ್ಮ ಪೇಸ್ಟನ್ನು ಅವು ಉಗುಳುವುದಿಲ್ಲ, ನುಂಗುತ್ತವೆ. ನೊರೆ, ಫ್ಲೋರೈಡ್ ಹೊಟ್ಟೆಗೆ ಹೋಗುತ್ತವೆ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಅಂತೂ ನಾಯಿಗೆ ವಿಷವೇ: ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ, ಯಕೃತ್ತೂ ಕೆಡಬಹುದು. ನಾಯಿಯ ಪೇಸ್ಟ್ ಮುಗಿದ ದಿನ ನಾನು ಬರೀ ನೀರಿನಲ್ಲಿ ಉಜ್ಜುತ್ತೇನೆ. ಕೆಲಸ ಮಾಡುವುದು ಬ್ರಷ್ಷಿನ ಎಳೆಗಳು.

ಮೂಳೆ ಅಗಿದರೆ ಹಲ್ಲು ಶುದ್ಧವಾಗುತ್ತದೆ ಎಂದು ಮೈದುನ ಮಟನ್ ಅಂಗಡಿಯಿಂದ ನಲ್ಲಿ ಮೂಳೆ ತರುತ್ತಿದ್ದ. ಅದನ್ನು ನಿಲ್ಲಿಸಿದ್ದಕ್ಕೆ ಇವತ್ತಿಗೂ ಅವನಿಗೆ ಮುನಿಸು. ಗಟ್ಟಿ ಮೂಳೆಗೆ ದವಡೆ ಹಲ್ಲು ಸೀಳುತ್ತದೆ, ಬೆಂದ ಮೂಳೆ ಚೂಪಾಗಿ ಒಡೆದು ಗಂಟಲಿಗೆ ಚುಚ್ಚುತ್ತದೆ. ಅಗಿಯಲು ಏನೇ ತಂದರೂ ಉಗುರಿನಿಂದ ಒತ್ತಿ ನೋಡುತ್ತೇನೆ. ಗುರುತು ಮೂಡದಿದ್ದರೆ ಅದು ಬೆಳ್ಳಿಗಲ್ಲ.

ಈಗ ಅವಳಿಗೆ ಹತ್ತು ವರ್ಷ. ಬ್ರಷ್ ತೊಳೆಯುವ ಸದ್ದು ಕೇಳಿದರೆ ತಾನೇ ಬಂದು ಚಾಪೆಯ ಮೇಲೆ ಕೂರುತ್ತಾಳೆ; ಮುಗಿದ ಮೇಲೆ ಸಿಗುವ ಕ್ಯಾರೆಟ್ ತುಂಡಿನ ಆಸೆ. ಎಡಗಡೆ ಮೇಲಿನ ಕೊನೆಯ ಹಲ್ಲಿಗೆ ಮಾತ್ರ ನನ್ನ ಬ್ರಷ್ ಸರಿಯಾಗಿ ತಾಗುವುದಿಲ್ಲ. ಅಲ್ಲಿ ಮತ್ತೆ ಸಣ್ಣಗೆ ಕಂದು ಗೆರೆ ಕಟ್ಟಿದೆ. ಮುಂದಿನ ತಿಂಗಳು ತೋರಿಸಬೇಕು, ರಕ್ತಪರೀಕ್ಷೆಗೆ ಸಮಯ ಕೇಳಿದ್ದೇನೆ.