ಕಣದ ಮೇಲೆ ಕಲಿತ ನಾಲ್ಕಡಿ ಪಟ್

ವೃತ್ತಿಪರ ಗಾಲ್ಫ್ ಆಟಗಾರನಾಗಿ ಹದಿನೇಳು ವರ್ಷ ಆಡಿದ ಮೇಲೆ, 2024ರಲ್ಲಿ, ಮೊದಲ ಟೂರ್ನಿ ಗೆದ್ದೆ. ಅಂದು ರಾತ್ರಿ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ ಮಾತು: ‘ಪಟರ್ ಬದಲಾಯಿಸಿದಿರಾ?’ ಪಟರ್, ಎಂದರೆ ಚೆಂಡನ್ನು ಗುಳಿಗೆ ಉರುಳಿಸುವ ಕೋಲು, 2011ರಲ್ಲಿ ಕೊಂಡದ್ದೇ. ಕೋಲಾರ ತಾಲ್ಲೂಕಿನ ನಮ್ಮ ಮನೆಯ ಹಿಂದಿನ ರಾಗಿ ಕಣದಲ್ಲಿ ಅಭ್ಯಾಸ ಮಾಡುತ್ತೇನೆ ಎಂದಾಗ ನಕ್ಕವರೇ ಈಗ ಸಗಣಿ ಎಷ್ಟು, ಮಣ್ಣು ಎಷ್ಟು ಎಂದು ಕೇಳುತ್ತಿದ್ದಾರೆ. ಹೇಳುತ್ತೇನೆ. ಎಲ್ಲವನ್ನೂ ಹೇಳುವುದಿಲ್ಲ.

ಮೊದಲ ಹೊಡೆತ ಹೊಡೆಯುವ ಟೀಯಿಂದ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್‌ವರೆಗೆ ನನಗಿಂತ ನೆಟ್ಟಗೆ ಹೊಡೆಯುವವರು ನಮ್ಮ ಬ್ಯಾಚಿನಲ್ಲಿ ಇಬ್ಬರೋ ಮೂವರೋ ಇದ್ದರು. ಇದನ್ನು ನನ್ನ ವಿರೋಧಿಗಳೂ ಒಪ್ಪುತ್ತಾರೆ. ನನ್ನನ್ನು ತಿಂದದ್ದು ನಾಲ್ಕಡಿ ಪಟ್, ನಾಲ್ಕಡಿ ದೂರದಿಂದ ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ. ಎರಡು ಬಾರಿ ಕೊನೆಯ ಹೋಲಿನಲ್ಲಿ ಅದನ್ನು ತಪ್ಪಿಸಿ ಎರಡನೆಯ ಸ್ಥಾನಕ್ಕೆ ಇಳಿದಿದ್ದೆ. ಕ್ಯಾಡಿಯಾಗಿ, ಎಂದರೆ ಆಟಗಾರರ ಕೋಲುಗಳ ಚೀಲ ಹೊರುತ್ತಾ, ಶುರು ಮಾಡಿದ ಬೆಂಗಳೂರಿನ ಸಿ. ಮುನಿಯಪ್ಪ ಅವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದಾಗ, ಚೀಲ ಹೊತ್ತು ಬಂದ ನಾವೆಲ್ಲ ಒಂದು ಗೇಣು ಎತ್ತರ ಬೆಳೆದೆವು. ಮುಂದಿನ ಸರದಿ ನನ್ನದೇ ಎಂದುಕೊಂಡಿದ್ದೆ. ಹದಿನೈದು ವರ್ಷ ಹಿಡಿಯಿತು.

ಮಾಡದ ಚಿಕಿತ್ಸೆ ಇಲ್ಲ. ಎಡಗೈ ಕೆಳಗಿಟ್ಟು ನೋಡಿದೆ, ಕಣ್ಣು ಮುಚ್ಚಿ ಹೊಡೆದೆ. ಉದ್ದನೆಯ ಪಟರನ್ನು ಎದೆಗೆ ಆನಿಸಿ ಆಡುವುದಕ್ಕೆ 2016ರಿಂದ ನಿಷೇಧ ಬರುತ್ತದೆಂದು ಗೊತ್ತಿದ್ದೂ, ಅಷ್ಟರೊಳಗೆ ಒಂದನ್ನಾದರೂ ಗೆಲ್ಲುತ್ತೇನೆಂಬ ಆಸೆಗೆ ಬಿದ್ದು, ಹದಿನಾಲ್ಕು ಸಾವಿರ ಕೊಟ್ಟು ಹಳೆಯದೊಂದನ್ನು ಕೊಂಡೆ. ಗೆಲ್ಲಲಿಲ್ಲ. ಈಗ ಅಮ್ಮ ಅದಕ್ಕೆ ಕುಡುಗೋಲು ಕಟ್ಟಿಕೊಂಡು ನುಗ್ಗೆಕಾಯಿ ಕೀಳುತ್ತಾಳೆ. ನನ್ನ ಕೈಯಲ್ಲಿ ಇದ್ದಾಗ ಮಾಡಿದ್ದಕ್ಕಿಂತ ಹೆಚ್ಚು ಕೆಲಸವನ್ನು ಅದು ಅಲ್ಲಿ ಮಾಡಿದೆ.

ಈ ಆಟದ ಖರ್ಚನ್ನೂ ಹೇಳಬೇಕು. ಪ್ರವೇಶ ಶುಲ್ಕ, ರೈಲು, ಮೂವರು ಹಂಚಿಕೊಂಡ ಲಾಡ್ಜ್ ಕೋಣೆ, ಕ್ಯಾಡಿ, ಊಟ ಎಲ್ಲ ಸೇರಿ ವಾರಕ್ಕೆ ಮೂವತ್ತೈದು ನಲವತ್ತು ಸಾವಿರ. ಕಟ್ ತಪ್ಪಿದರೆ, ಎಂದರೆ ಮೊದಲೆರಡು ದಿನದ ಆಟದ ಮೇಲೆ ಮುಂದಿನ ಸುತ್ತಿಗೆ ಉಳಿಯದಿದ್ದರೆ, ಬರಿಗೈ. 2019ರಲ್ಲಿ ಹದಿನೆಂಟು ವಾರ ಆಡಿ ಹನ್ನೊಂದರಲ್ಲಿ ಕಟ್ ತಪ್ಪಿತು. ವರ್ಷದ ಕೊನೆಗೆ ಸುಮಾರು ಎರಡೂವರೆ ಲಕ್ಷ ಕೈಬಿಟ್ಟಿತ್ತು. ಹೆಂಡತಿಯ ಎರಡೆಳೆ ಸರ ಗಿರವಿಗೆ ಹೋಯಿತು. ಅವಳು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು.

ಮರು ವರ್ಷ ಯುಗಾದಿಯ ದಿನವೇ, ಮಾರ್ಚ್ 25ರಂದು, ದೇಶಕ್ಕೆಲ್ಲ ಬೀಗ ಬಿತ್ತು. ಗಾಲ್ಫ್ ಕೋರ್ಸ್‌ಗಳು ಮುಚ್ಚಿದವು. ನಾನು ಊರಲ್ಲಿದ್ದೆ. ನಮ್ಮ ಕಡೆ ಈಗ ರಾಗಿಯನ್ನು ಡಾಂಬರು ರಸ್ತೆಗೆ ಹರಡಿ ಲಾರಿ ಬಸ್ಸುಗಳ ಚಕ್ರದಡಿ ಒಕ್ಕುವುದೇ ಹೆಚ್ಚು. ಅಮ್ಮನಿಗೆ ಅದು ಆಗದು. ಹಿಟ್ಟು ಕಲ್ಲು ಕಲ್ಲಾಗುತ್ತದೆ ಎಂದು ಪ್ರತಿ ವರ್ಷ ಕಣ ಮಾಡಿಸಿ, ರೋಣಗಲ್ಲು ಹೊಡೆಸುತ್ತಾಳೆ. ಒಕ್ಕಣೆ ಮುಗಿದ ಆ ಕಣ ಸುಮಾರು ಮೂವತ್ತಡಿ ಅಗಲ, ನೆಲ ಕನ್ನಡಿಯಂತೆ. ಪಟರ್ ಹಿಡಿದು ಹೊರಟೆ.

‘ಚಪ್ಪಲಿ ಬಿಟ್ಟು ಹೋಗು. ಗುಳಿ ಗಿಳಿ ತೋಡಿದರೆ ನೋಡು ಮತ್ತೆ’ ಎಂದಳು.

ಹೋಲ್ ತೋಡುವಂತಿಲ್ಲ; ಸರಿ, ರಂಗೋಲಿಯ ಚುಕ್ಕಿಯೊಂದನ್ನು ಗುರಿ ಇಟ್ಟುಕೊಂಡೆ. ಬೀಳಬೇಕಾದ ಗುಳಿಯೇ ಇಲ್ಲದ ಕಡೆ ಕೈ ನಡುಗಲಿಲ್ಲ. ಬರಿಗಾಲಿನಲ್ಲಿ ನಿಂತಾಗ ಇನ್ನೊಂದು ಗೊತ್ತಾಯಿತು: ಚೆಂಡಿಗೆ ತಾಗುವ ಹೊತ್ತಿಗೆ ನನ್ನ ಭಾರ ಬೆರಳ ಕಡೆಗೆ ವಾಲಿ, ಬಲ ಹಿಮ್ಮಡಿ ಒಂದು ಕೂದಲಷ್ಟು ಏಳುತ್ತಿತ್ತು. ಹದಿಮೂರು ವರ್ಷ ಶೂ ಒಳಗೆ ಅದು ಅಡಗಿ ಕುಳಿತಿತ್ತು. ವಿಡಿಯೊ ತೆಗೆದು ನೋಡಿದ ಕೋಚ್‌ಗಳಿಗೂ ಸಿಕ್ಕಿರಲಿಲ್ಲ.

ಮೂರನೆಯದು ಅಚಾತುರ್ಯ. ಹಬ್ಬಕ್ಕೆ ಅಂಗಳದ ಅಂಚಿಗೆ ಬಳಿದ ಕೆಮ್ಮಣ್ಣು ಒಣಗಿ ಪುಡಿಯಾಗಿ ಕಣದವರೆಗೆ ಉದುರಿತ್ತು. ಅದರ ಮೇಲೆ ಉರುಳಿದ ಚೆಂಡನ್ನು ಎತ್ತಿ ನೋಡಿದರೆ ಸುತ್ತ ಸಣ್ಣ ಕೆಂಪು ಉಂಗುರ. ಮುಂದಿನ ಚೆಂಡಿಗೆ ಅಗಲವಾದ ಪಟ್ಟಿ, ಅದರ ಮುಂದಿನದಕ್ಕೆ ಅರ್ಧ ಚೆಂಡೆಲ್ಲ ಮೆತ್ತಿದ ಕೆಂಪು. ನೇರವಾಗಿ ಮಗುಚುತ್ತಾ ಉರುಳಿದ ಚೆಂಡಿಗೆ ಮಾತ್ರ ಸಣ್ಣ ಉಂಗುರ. ಪಟರಿನ ಮುಖ ಒಂದಿಷ್ಟು ತೆರೆದು ಹೊಡೆದರೆ ಚೆಂಡು ಓಲಾಡುತ್ತದೆ, ಉಂಗುರ ಹರಡುತ್ತದೆ. ಅಂದು ಐವತ್ತಕ್ಕೆ ಒಂಬತ್ತು ಸಿಕ್ಕಿರಬೇಕು. ಲಕ್ಷಗಟ್ಟಲೆ ಬೆಲೆಯ ಯಂತ್ರಗಳು ಹೇಳುವುದೂ ಇದನ್ನೇ.

ಕೆಮ್ಮಣ್ಣನ್ನು ಹಳೆಯ ಪಂಚೆಯಲ್ಲಿ ಸೋಸಬೇಕು. ಹೊಲದ ಕೆಂಪು ಮಣ್ಣು ಬೇಡ, ನೊರಜು ಕಲ್ಲಿಗೆ ಚೆಂಡು ನೆಗೆಯುತ್ತದೆ. ಅರಿಶಿನ ಹಾಕಿ ನೋಡಿದೆ. ಚೆಂಡೂ ಕೈಯೂ ಮದುವೆ ಮನೆಯದಾದವು. ಪುಡಿಯ ಗೆರೆಯನ್ನು ಚೆಂಡಿನಿಂದ ಎರಡಡಿ ಮುಂದೆ ಶುರು ಮಾಡಿ. ಮೊದಲು ಅದು ಜಾರುತ್ತದೆ, ಆಮೇಲಷ್ಟೇ ಉರುಳುತ್ತದೆ. ನೆಲಕ್ಕೆ ನಾಟಿ ಹಸುವಿನ ಸಗಣಿ. ಸೀಮೆಹಸುವಿನದು ನೀರು ನೀರು, ಒಣಗಿದರೆ ಹಕ್ಕಳೆ ಏಳುತ್ತದೆ. ಬಗ್ಗಡ ಎರಡು ಸಲ ಸಾರಿಸಿ, ನಡುವೆ ಒಂದು ದಿನ ಬಿಡಬೇಕು. ಪುಡಿ ಹಿಡಿಯಲು ಚೆಂಡನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಆ ಒದ್ದೆ ನೀರಿನದಲ್ಲ. ಯಾವುದರದೆಂದು ಕೇಳಬೇಡಿ, ಆ ಗುಟ್ಟು ಮನೆಯಲ್ಲೇ ಇರಲಿ.

ಮಳೆಗಾಲಕ್ಕೆ ಟಾರ್ಪಾಲಿನ್ ಕಟ್ಟಿಸಿದೆ, ಎಂಟು ಸಾವಿರ. ವರ್ಷ ತುಂಬುವಷ್ಟರಲ್ಲಿ ಐವತ್ತಕ್ಕೆ ಮೂವತ್ತೈದು ಉಂಗುರ ಬರುತ್ತಿದ್ದವು. ಹಳೆಯ ಕೋಚ್‌ಗೆ ತೋರಿಸಿದರೆ, ‘ಸಗಣಿ ಮೇಲೆ ಕಲಿತವನು ಹುಲ್ಲಿನ ಮೇಲೆ ಆಡುವುದು ಹೇಗೆ?’ ಎಂದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಮೊದಲ ಎರಡು ಸೀಸನ್ ವೇಗ ತಪ್ಪಿತು. ಮಳೆಯಲ್ಲಿ ನೆನೆದ ಗ್ರೀನ್‌ಗಳಲ್ಲಿ ಹೊಡೆದದ್ದೆಲ್ಲ ಗುಳಿ ಮುಟ್ಟುವ ಮೊದಲೇ ನಿಂತಿತು. ಅದಕ್ಕೆ ಮಾಡಿಕೊಂಡ ಉಪಾಯ, ಪಂದ್ಯದ ಹಿಂದಿನ ದಿನ ಅಭ್ಯಾಸದ ಗ್ರೀನ್ ಮೇಲೆ ಬರಿಗಾಲಿನಲ್ಲಿ ಅರ್ಧ ಗಂಟೆ, ಹೋಲ್ ನೋಡದೆ. ನೋಡಿದವರು ನನಗೆ ‘ಸ್ವಾಮೀಜಿ’ ಎಂದು ಹೆಸರಿಟ್ಟರು.

ಇಲ್ಲಿ ಕೆರೆಯ ಕಥೆ ಹೇಳಲೇಬೇಕು. ಎಷ್ಟೋ ವರ್ಷ ಒಣಗಿ ಬಿದ್ದಿದ್ದ ನಮ್ಮೂರ ಕೆರೆಯ ಕೋಡಿಯ ಹತ್ತಿರ ಒಳ್ಳೆಯ ಮರಳಿತ್ತು. ಅದರಲ್ಲಿ ಬಂಕರ್, ಎಂದರೆ ಕೋರ್ಸಿನಲ್ಲಿರುವಂಥ ಮರಳುಗುಂಡಿ, ಮಾಡಿಕೊಂಡು, ಮರಳಿನಿಂದ ಚೆಂಡೆತ್ತುವ ಮೂರು ವೆಡ್ಜ್ ಕೋಲುಗಳ ತಳ ಸವೆಸಿದ್ದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಎಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು, ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ನಾನು ಚೀಲ ಹೊತ್ತ ಊರಿನ ನೀರೇ ಬಂದು ನನ್ನ ಬಂಕರನ್ನು ಮುಳುಗಿಸಿತು. ಊರೆಲ್ಲ ಕೆರೆಗೆ ಪೂಜೆ ಮಾಡುವಾಗ ನಾನೊಬ್ಬನೇ ಮುಖ ಗಂಟಿಕ್ಕಿಕೊಂಡು ನಿಂತಿದ್ದೆ. ಆದರೆ ಸಾವಿರದಿನ್ನೂರು ಅಡಿ ಇಳಿದೂ ಬತ್ತಿದ್ದ ನಮ್ಮ ಕೊಳವೆಬಾವಿ ಮತ್ತೆ ಎರಡಿಂಚು ನೀರು ಕೊಟ್ಟಿತು. ಆ ನೀರಿಗೆ 2023ರಲ್ಲಿ ಒಂದು ಎಕರೆ ಟೊಮೆಟೊ ಹಾಕಿದೆವು. ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕಿಲೊ ಬಾಕ್ಸ್ ಎರಡು ಸಾವಿರ ದಾಟಿದಾಗ ನಮ್ಮ ತೋಟದಲ್ಲಿ ಎರಡನೆಯ ಕೊಯ್ಲು. ಹಿಂದಿನ ಮೂರು ಬೆಳೆಯ ಸಾಲ ತೀರಿ, ಎರಡು ಸೀಸನ್‌ಗೆ ಆಗುವಷ್ಟು ಉಳಿಯಿತು. ನನ್ನ ಪ್ರಾಯೋಜಕರು ಯಾರೆಂದು ಕೇಳಿದವರಿಗೆ ಟೊಮೆಟೊ ಎನ್ನುತ್ತೇನೆ.

ಗೆದ್ದ ಪಂದ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊನೆಯ ದಿನ 68 ಹೊಡೆತ. ಹದಿನೆಂಟನೆಯ, ಕೊನೆಯ ಹೋಲಿನಲ್ಲಿ ನಾಲ್ಕಡಿ, ಇಳಿಜಾರು, ಎಡದಿಂದ ಬಲಕ್ಕೆ. ಹಾಕಿದರೆ ಗೆಲುವು, ತಪ್ಪಿದರೆ ಪ್ಲೇ-ಆಫ್. ಶೂ ಒಳಗೆ ಹಿಮ್ಮಡಿ ಊರಿಕೊಂಡೆ. ಹೋಲ್ ನೋಡಲಿಲ್ಲ, ಒಂದು ಗೇಣು ಮುಂದಿನ ಹುಲ್ಲಿನ ಕಲೆಯೊಂದೇ ಚುಕ್ಕಿ. ಚೆಂಡು ನಟ್ಟನಡುವೆ ಬೀಳಲಿಲ್ಲ, ಬಲ ಅಂಚು ಹಿಡಿದು ಸುತ್ತಿ ಒಳಗಿಳಿಯಿತು. ಕಣದ ಲೆಕ್ಕದಲ್ಲಿ ಅದು ಅಗಲದ ಪಟ್ಟಿ, ತಿರಸ್ಕೃತ.

ತೆರಿಗೆ ಹಿಡಿದು ಕೈಗೆ ಹದಿಮೂರು ಲಕ್ಷದ ಆಸುಪಾಸು ಬಂತು. ಮೊದಲು ಸರ ಬಿಡಿಸಿದೆ. ಬಡ್ಡಿ ಅಸಲನ್ನು ಮೀರಿತ್ತು. ಅಮ್ಮನಿಗೆ ಚೆಕ್ಕಿನ ಫೋಟೊ ತೋರಿಸಿದೆ. ನೋಡಿ, ‘ಸರಿ, ರಾಗಿ ಕೊಯ್ಲಿಗೆ ಬಂದಿದೆ, ಕಣ ಖಾಲಿ ಮಾಡು’ ಎಂದಳು. ಟಾರ್ಪಾಲಿನ್ ಬಿಚ್ಚಿ ಮಡಿಸಿಟ್ಟಿದ್ದೇನೆ. ಈಗ ಅಲ್ಲಿ ಮೆದೆ ಇದೆ. ಸಂಕ್ರಾಂತಿ ಕಳೆದ ಮೇಲೆ ನನ್ನ ಸರದಿ.