ತರಗತಿಯಿಲ್ಲದ ಊರಿನಲ್ಲಿ ಸಂಜ್ಞಾ ಭಾಷೆಯ ಕಲಿಕೆ

ನಮ್ಮ ತಾಲ್ಲೂಕಿನಲ್ಲಿ ಸಂಜ್ಞಾ ಭಾಷೆ ಕಲಿಸುವವರಿಲ್ಲದ ಕಾರಣ, ನೆರೆಮನೆಯ ಕಿವುಡ ಯುವಕನೊಡನೆ ಸಂಭಾಷಿಸಲು ಮೊಬೈಲನ್ನೇ ಗುರುವಾಗಿಸಿಕೊಂಡೆ. ಅಂತರ್ಜಾಲದಲ್ಲಿ ಥಟ್ಟನೆ ಸಿಗುವುದು ಅಮೆರಿಕದ ಸಂಜ್ಞೆಗಳು. ಅಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸಿದರೆ, ಭಾರತೀಯ ಪದ್ಧತಿಯಲ್ಲಿ ಬಹುತೇಕ ಅಕ್ಷರಗಳಿಗೆ ಎರಡೂ ಕೈಗಳು ಬೇಕು. ಆದ್ದರಿಂದ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರಲ್ಲಿ 10,000 ಪದಗಳಿಗೆ ವಿಸ್ತರಿಸಿದ ವಿಡಿಯೋ ನಿಘಂಟನ್ನು ನಾನು ನೆಚ್ಚಿಕೊಂಡೆ.

'ನಿನ್ನ', 'ಹೆಸರು', ಕೊನೆಯಲ್ಲಿ 'ಏನು' ಎಂಬ ಪದಕ್ರಮ ಕನ್ನಡಿಗರಿಗೆ ಒಗ್ಗುವಂಥದ್ದೇ. ತೊಡಕಿದ್ದುದು ಮುಖದಲ್ಲಿ: ಹುಬ್ಬು, ತಲೆ ಅಲುಗದಿದ್ದರೆ ಪ್ರಶ್ನೆಯೂ ಹೇಳಿಕೆಯಂತೆಯೇ ಕಾಣುತ್ತದೆ. ನನ್ನದೇ ವಿಡಿಯೋ ತೆಗೆದು, ಧ್ವನಿಯಿಲ್ಲದೆ ನಿಧಾನಗತಿಯಲ್ಲಿ ನಿಘಂಟಿನೊಂದಿಗೆ ಹೋಲಿಸಿ, ಬಳಿಕ ಅವನಿಗೆ ತೋರಿಸತೊಡಗಿದ ಮೇಲೆ ಅದು ಸರಿಹೋಯಿತು. ನಿಘಂಟಿನ ಸಂಜ್ಞೆಗಿಂತ ಅವನದು ಬೇರೆಯಾದಾಗ ಅವನದನ್ನೇ ಬಳಸುತ್ತೇನೆ.